ಮುನ್ನೂರ ಹನ್ನೆರಡು ಪುಸ್ತಕ ಓದಿದವರು

ಗ್ರಂಥಾಲಯದ ಗುಮಾಸ್ತರು ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಪುಸ್ತಕವನ್ನೂ ಕೊನೆಯ ಪುಟದವರೆಗೆ ಓದಿರಲಿಲ್ಲ. ಇದನ್ನು ದೋಷವೆಂದು ತಿಳಿಯಬಾರದು. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುವುದಿಲ್ಲ; ಬಸ್ಸಿನ ಕಂಡಕ್ಟರು ಜೀವಮಾನವೆಲ್ಲ ಓಡಾಡಿದರೂ ಎಲ್ಲಿಗೂ ಹೋಗಿಬಂದಿರುವುದಿಲ್ಲ. ಪುಸ್ತಕ ಕೈಗೆ ಬಂದರೆ ಗುಮಾಸ್ತರು ಮೊದಲು ಅದರ ಬೆನ್ನು ನೋಡುತ್ತಿದ್ದರು, ಆಮೇಲೆ ಸಂಖ್ಯೆ, ಆಮೇಲೆ ಮುದ್ರೆ. ಒಳಗೇನಿದೆ ಎನ್ನುವುದು ಅದನ್ನು ಒಯ್ಯುವವರ ಖಾಸಗಿ ವಿಷಯವೆಂದು ಅವರ ನಂಬಿಕೆ.

ಅವರು ನಿಜವಾಗಿ ಓದುತ್ತಿದ್ದದ್ದು ಒಳಕೋಣೆಯ ಯಂತ್ರವನ್ನು. ಬೀರುವಿನಷ್ಟು ಎತ್ತರದ ಬೂದು ಬಣ್ಣದ ಸರ್ವರ್ ಅದು. ಗ್ರಂಥಾಲಯದ ಎಲ್ಲ ಸದಸ್ಯರು, ಎಲ್ಲ ಪುಸ್ತಕಗಳು, ಯಾರು ಯಾವಾಗ ಏನು ಒಯ್ದರು, ಏನು ತಂದರು, ಎಲ್ಲವೂ ಅದರ ಹೊಟ್ಟೆಯಲ್ಲಿದ್ದವು. ಎಲ್ಲರೂ ಅದನ್ನು ಅಜ್ಜ ಎನ್ನುತ್ತಿದ್ದರು. ಬೆಳಿಗ್ಗೆ ಗುಂಡಿ ಒತ್ತಿದರೆ ಅಜ್ಜ ಎರಡು ಸಲ ಕೆಮ್ಮಿ, ಹನ್ನೊಂದು ನಿಮಿಷ ಯೋಚಿಸಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಒಂದು ಗೆರೆ ಮೂಡಿಸುತ್ತಿದ್ದ. ಆ ಹನ್ನೊಂದು ನಿಮಿಷ ಗುಮಾಸ್ತರು ಎದುರು ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬೇಸಿಗೆಯಲ್ಲಿ ಫ್ಯಾನು ಅಜ್ಜನಿಗೆ. ಗುಮಾಸ್ತರಿಗೆ ಹಳೆಯ ರಟ್ಟಿನ ತುಂಡು.

ಒಂದು ದಿನ ಮೇಲಿನಿಂದ ಆದೇಶ ಬಂತು. ಹಳೆಯ ಯಂತ್ರದಲ್ಲಿರುವ ಮಾಹಿತಿಯನ್ನೆಲ್ಲ ಹೊಸ ವ್ಯವಸ್ಥೆಗೆ ವರ್ಗಾಯಿಸತಕ್ಕದ್ದು. ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಹಳೆಯ ಯಂತ್ರವನ್ನು ಶಾಶ್ವತವಾಗಿ ಆರಿಸತಕ್ಕದ್ದು. ಅದೇ ದಿನ, ಅದೇ ಐದು ಗಂಟೆಗೆ ಗುಮಾಸ್ತರ ನಿವೃತ್ತಿ. ಮೇಲಿನವರು ಇಬ್ಬರನ್ನೂ ಒಂದೇ ಕಡತದಲ್ಲಿ ಹಾಕಿ ಒಂದೇ ಸಹಿಯಲ್ಲಿ ಮುಗಿಸಿದ್ದರು.

ವರ್ಗಾವಣೆಯ ಕೆಲಸಕ್ಕೆ ಒಬ್ಬರು ಎಂಜಿನಿಯರಮ್ಮ ಬಂದರು. ಹೆಗಲಿಗೊಂದು ಚೀಲ, ಚೀಲದಲ್ಲೊಂದು ಲ್ಯಾಪ್‌ಟಾಪು, ಅಷ್ಟೆ.

"ಇವನ ಹೊಟ್ಟೇಲಿರೋದೆಲ್ಲ ಇಷ್ಟು ಸಣ್ಣದರಲ್ಲಿ ಹಿಡಿಸುತ್ತೇನಮ್ಮಾ?" ಎಂದು ಗುಮಾಸ್ತರು ಕೇಳಿದರು.

"ಇಂಥ ನಾಲ್ಕು ಸಾವಿರ ಅಜ್ಜಂದಿರು ಹಿಡಿಸ್ತಾರೆ ಸಾರ್."

ಗುಮಾಸ್ತರು ಮೆಲ್ಲನೆ ಹೋಗಿ ಒಳಕೋಣೆಯ ಬಾಗಿಲು ಮುಂದೆ ಮಾಡಿ ಬಂದರು. ಇಂಥ ಮಾತು ಅವನ ಕಿವಿಗೆ ಬೀಳುವುದು ಬೇಡ.

ನಾಲ್ಕು ದಿನ ವರ್ಗಾವಣೆ ನಡೆಯಿತು. ಎಂಜಿನಿಯರಮ್ಮ ಕೇಳುವುದು, ಗುಮಾಸ್ತರು ಹೇಳುವುದು.

"ಇದೇನು ಸಾರ್, ಈ ಸದಸ್ಯರ ವಿಳಾಸದಲ್ಲಿ ಬರೀ 'ನೀಲಿ ಬಾಗಿಲು' ಅಂತಿದೆ?"

"ಬಾಗಿಲು ನೀಲಿ ಇತ್ತು."

"ಬೀದಿ ಹೆಸರು?"

"ಆಗ ಬೀದಿಗೆ ಹೆಸರಿರಲಿಲ್ಲಮ್ಮ. ಬಾಗಿಲಿಗೆ ಬಣ್ಣ ಇತ್ತು."

"ಹೊಸ ವ್ಯವಸ್ಥೆ ಇದನ್ನ ವಿಳಾಸ ಅಂತ ಒಪ್ಪಲ್ಲ ಸಾರ್."

"ಪೋಸ್ಟ್‌ಮನ್ ಒಪ್ತಿದ್ದ," ಎಂದರು ಗುಮಾಸ್ತರು.

ಐದನೆಯ ದಿನ ಹೊಸ ವ್ಯವಸ್ಥೆಯ ಪರೀಕ್ಷೆ. ಓದುವ ಕೋಣೆಯ ಗೋಡೆಗೆ ದೊಡ್ಡ ಪರದೆ ಹಾಕಿದ್ದರು. ಗ್ರಂಥಾಲಯದ ಮುಖ್ಯಸ್ಥರು ಮುಂದೆ ಕೂತಿದ್ದರು. ಅವರು ಬಂದು ಎರಡೇ ವರ್ಷವಾಗಿತ್ತು. ಯಾರನ್ನಾದರೂ ಸನ್ಮಾನಿಸಬೇಕೆಂಬ ಹಂಬಲ ಮಾತ್ರ ಬಹಳ ಹಳೆಯದು. "ಅತಿ ಹೆಚ್ಚು ಪುಸ್ತಕ ಒಯ್ದ ಸದಸ್ಯ ಯಾರು ಅಂತ ಕೇಳಮ್ಮಾ, ನೋಡೋಣ," ಎಂದರು. ಎಂಜಿನಿಯರಮ್ಮ ಗುಂಡಿ ಒತ್ತಿದರು. ಹನ್ನೊಂದು ನಿಮಿಷವಿರಲಿ, ಕಣ್ಣು ಮಿಟುಕಿಸುವಷ್ಟೂ ಹೊತ್ತಾಗಲಿಲ್ಲ. ಪರದೆಯ ಮೇಲೆ ಗುಮಾಸ್ತರ ಹೆಸರು ಬಂತು. ಅದರ ಮುಂದೆ ಮುನ್ನೂರ ಹನ್ನೆರಡು.

ಮುಖ್ಯಸ್ಥರು ಎದ್ದು ನಿಂತರು. "ಗುಮಾಸ್ತರೇ! ಇಷ್ಟು ದಿನ ನಮ್ಮ ಮಧ್ಯೆ ಒಬ್ಬ ಮಹಾ ಓದುಗ, ಸದ್ದಿಲ್ಲದೆ, ಸುಳಿವಿಲ್ಲದೆ..."

"ಸಾರ್, ಅದು ಏನಂದ್ರೆ..." ಎಂದು ಗುಮಾಸ್ತರು ಬಾಯಿ ತೆರೆದರು. ಅಷ್ಟರಲ್ಲಿ ಮುಖ್ಯಸ್ಥರು ಅವರನ್ನು ತಬ್ಬಿಕೊಂಡರು. ಮುಖ್ಯಸ್ಥರು ಎತ್ತರದವರು, ಗುಮಾಸ್ತರು ಕುಳ್ಳಗಿನವರು. ತೆರೆದ ಬಾಯಿ ನೇರ ಮುಖ್ಯಸ್ಥರ ಭುಜಕ್ಕೆ ಒತ್ತಿಕೊಂಡು ಸತ್ಯ ಕೋಟಿನ ಬಟ್ಟೆಯಲ್ಲಿ ಸಿಕ್ಕಿಕೊಂಡಿತು. ಮುಂದೆ ನಡೆದದ್ದಕ್ಕೆಲ್ಲ ಆ ಭುಜವೇ ಹೊಣೆ.

ಸತ್ಯ ಇಷ್ಟು. ಅಜ್ಜನಿಗೆ ಒಂದು ಹಠವಿತ್ತು. ಪುಸ್ತಕ ಹಿಂದಿರುಗದೆ ಯಾವ ಸದಸ್ಯರ ಹೆಸರನ್ನೂ ಅವನು ಮುಚ್ಚಲು ಬಿಡುತ್ತಿರಲಿಲ್ಲ. ಸದಸ್ಯರು ತೀರಿಕೊಂಡರೂ ಸರಿಯೆ. ಪ್ರತಿ ಸೋಮವಾರ ಬಾಕಿದಾರರಿಗೆಲ್ಲ ಕಾಗದ ಅಚ್ಚು ಹಾಕುತ್ತಿದ್ದ: "ಮಾನ್ಯರೇ, ತಾವು ಒಯ್ದ ಪುಸ್ತಕವನ್ನು ಕೂಡಲೇ ತಾವೇ ಬಂದು ಹಿಂದಿರುಗಿಸತಕ್ಕದ್ದು." ಗುಮಾಸ್ತರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಲವತ್ತು ಕಾಗದಗಳಿಗೆ ಒಂದೇ ಸಮನೆ ಸಹಿ ಹಾಕುವ ಭರದಲ್ಲಿ, ಒಂದು ಕಾಗದ ಅವರ ಮಾವನ ಹೆಸರಿಗೆ ಹೋಗಿಬಿಟ್ಟಿತು. ಹೆಂಡತಿಯ ತಂದೆ. ಅವರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

ಮರುದಿನ ಅತ್ತೆ ಗ್ರಂಥಾಲಯಕ್ಕೆ ಬಂದರು. ಕಾಗದವನ್ನು ಮೇಜಿನ ಮೇಲಿಟ್ಟರು. ಗುಮಾಸ್ತರಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅತ್ತೆ ಬೈಯಲಿಲ್ಲ. ಕಾಗದದ ಮೇಲಿದ್ದ ಹೆಸರನ್ನು ಒಮ್ಮೆ ಬೆರಳಿನಿಂದ ಸವರಿ, "ಇನ್ನೂ ಇದ್ದಾರೆ ಅನ್ನೋ ಹಾಗೆ ಬರೆದಿದ್ದೀರಿ. ಇದನ್ನ ನಾನು ಇಟ್ಕೊಳ್ಳಲಾ?" ಎಂದು ಕೇಳಿದರು. ಗುಮಾಸ್ತರು ತಲೆಯಾಡಿಸಿದರು. ಅತ್ತೆ ಕಾಗದ ಮಡಿಚಿಕೊಂಡು ಹೋದರು. ಆ ವಿಷಯವನ್ನು ಅವರು ಮಗಳಿಗೆ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಅಳಿಯ ಮತ್ತು ಅತ್ತೆ ಕೂಡ ಮತ್ತೆಂದೂ ಅದರ ಮಾತೆತ್ತಲಿಲ್ಲ.

ಅಂದು ಸಂಜೆ ಗುಮಾಸ್ತರು ಆ ಪುಸ್ತಕವನ್ನು ಮಾವನ ಹೆಸರಿನಿಂದ ತೆಗೆದು ತಮ್ಮ ಹೆಸರಿಗೆ ಬರೆದುಕೊಂಡರು. ಅಜ್ಜ ತಕರಾರಿಲ್ಲದೆ ಮಾವನ ಹೆಸರು ಮುಚ್ಚಿದ. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಯಾರಾದರೂ ಪುಸ್ತಕ ಇಟ್ಟುಕೊಂಡೇ ತೀರಿಕೊಂಡರೆ ಗುಮಾಸ್ತರು ಆ ಮನೆಗೆ ಹೋಗುತ್ತಿದ್ದರು, ಒಂದು ಲೋಟ ನೀರು ಕುಡಿಯುತ್ತಿದ್ದರು, ಪುಸ್ತಕ ಎಲ್ಲಿದೆ ಎಂದು ಕಣ್ಣಲ್ಲೇ ನೋಡಿಕೊಳ್ಳುತ್ತಿದ್ದರು, ಕೇಳದೆ ಬರುತ್ತಿದ್ದರು. ಬಂದು ತಮ್ಮ ಹೆಸರಿಗೆ ಬರೆದುಕೊಳ್ಳುತ್ತಿದ್ದರು. ಊರು ದೊಡ್ಡದು, ವರ್ಷ ಇಪ್ಪತ್ತಾರು. ಲೆಕ್ಕ ಮುನ್ನೂರ ಹನ್ನೆರಡಕ್ಕೆ ಬಂದು ನಿಂತಿತ್ತು.

ಇದನ್ನು ಮುಖ್ಯಸ್ಥರಿಗೆ ಮರುದಿನವೇ ಹೇಳಿಬಿಡಬಹುದಿತ್ತು. ಆದರೆ ಮನುಷ್ಯ ಮನೆಗೆ ಹೋಗುತ್ತಾನಲ್ಲ. ಸುದ್ದಿ ಅವರಿಗಿಂತ ಮುಂಚೆ ಮನೆ ಮುಟ್ಟಿತ್ತು. ಹೆಂಡತಿ ನೆಂಟರಿಗೆಂದು ಎತ್ತಿಟ್ಟಿದ್ದ ಬಟ್ಟಲಿನಲ್ಲಿ ಕಾಫಿ ಕೊಟ್ಟರು. "ರೀ, ನೀವು ಬೆಂಕಿಪೆಟ್ಟಿಗೆ ಮೇಲಿನ ಅಕ್ಷರ ಓದೋಷ್ಟರಲ್ಲೇ ನಿದ್ದೆ ಹೋಗ್ತೀರಿ. ಯಾವಾಗ ಓದಿದ್ರಿ ಇಷ್ಟೊಂದು?"

"ಬಿಡುವಾದಾಗ," ಎಂದರು ಗುಮಾಸ್ತರು.

ಅವರು ಹೇಳಿದ ಮೊದಲ ಸುಳ್ಳು ಇದು. ಚಿಕ್ಕದೇ. ಆದರೆ ಅಲ್ಲೇ ಕುರ್ಚಿಯಲ್ಲಿ ಹೆಂಡತಿಯ ಅಣ್ಣ ಕೂತಿದ್ದರು. ನಿವೃತ್ತ ಹೆಡ್‌ಮಾಸ್ಟರು. ಎರಡು ಸಾವಿರ ಪುಸ್ತಕ ಓದಿದ್ದೇನೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಬೇರೆ ಸಾಕ್ಷಿ ಬೇಕಿರಲಿಲ್ಲ. "ನೀನು ಗ್ರಂಥಾಲಯದ ಬಾಗಿಲು ಕಣಯ್ಯಾ. ದಿನಾ ತೆರೀತೀಯ, ದಿನಾ ಮುಚ್ಚುತೀಯ. ಬಾಗಿಲಿಗೂ ಪುಸ್ತಕಕ್ಕೂ ಏನು ಸಂಬಂಧ?" ಎಂದು ಇಪ್ಪತ್ತಾರು ವರ್ಷದಿಂದ ಹಂಗಿಸಿಕೊಂಡು ಬಂದವರು. ಈಗ ಆ ಭಾವ ತಣ್ಣಗಾದ ಕಾಫಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಅವರು ಸುಮ್ಮನೆ ಕೂತದ್ದನ್ನು ಗುಮಾಸ್ತರು ನೋಡಿದ್ದು ಅದೇ ಮೊದಲು. ಇನ್ನೊಂದು ದಿನ ಹೀಗೇ ಇರಲಿ ಎನಿಸಿತು. ಇನ್ನೊಂದು ದಿನ, ಮತ್ತೊಂದು ದಿನವಾಯಿತು.

ಮುಖ್ಯಸ್ಥರು ಮುನ್ನೂರ ಹನ್ನೆರಡು ಪುಸ್ತಕಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದರು. ಕಡೆಯ ದಿನ ಸನ್ಮಾನವೆಂದು ಸಾರಿದರು. ಬಟ್ಟೆಯ ಫಲಕ ಬರೆಯಲು ಕೊಟ್ಟರು. ಪಟ್ಟಿಯನ್ನು ಬೀದಿಯವರೆಲ್ಲ ಓದಿದರು. ಗ್ರಂಥಾಲಯದ ಇತಿಹಾಸದಲ್ಲಿ ಅಷ್ಟು ಜನ ಓದಿದ ಬರಹ ಬೇರೊಂದಿಲ್ಲ.

ಮೊದಲು ಎದುರುಮನೆಯಾತ ಗೋಡೆ ಗಡಿಯಾರ ಹೊತ್ತು ಬಂದ. "ಸಾರ್, ನೀವು ಗಡಿಯಾರ ರಿಪೇರಿ ಪುಸ್ತಕ ಓದಿದ್ದೀರಂತೆ. ಇದು ಮೂರು ವರ್ಷದಿಂದ ನಿಂತಿದೆ." ಗುಮಾಸ್ತರು ಬೇಡವೆನ್ನಲಾರದೆ ಬಿಚ್ಚಿದರು. ಮತ್ತೆ ಜೋಡಿಸಿದಾಗ ನಾಲ್ಕು ತಿರುಪು ಉಳಿದವು. ಗಡಿಯಾರ ನಡೆಯತೊಡಗಿತು. ಹೇಗೆಂದು ಗಡಿಯಾರಕ್ಕೂ ಗೊತ್ತಿರಲಿಲ್ಲ. "ಬರೀ ರಿಪೇರಿ ಮಾಡಿದ್ದಲ್ಲ, ಬೇಡದ ಸಾಮಾನನ್ನೂ ತೆಗೆದುಕೊಟ್ರು!" ಎಂದು ಆತ ಇಡೀ ಬೀದಿಗೆ ತಿರುಪು ತೋರಿಸಿದ. ಮರುದಿನ ಪಕ್ಕದ ಮನೆಯ ನಲ್ಲಿಯ ಸರದಿ. ಅಲ್ಲಿ ಏನಾಯಿತೆಂದು ಹೇಳುವ ಅಗತ್ಯವಿಲ್ಲ. ಪಕ್ಕದ ಮನೆಯವರು ಎರಡು ದಿನ ಮಂಚದ ಮೇಲೇ ಇದ್ದರು ಎಂದರೆ ಸಾಕು.

ಕ್ಷೌರದವನು ಕತ್ತರಿ ಆಡಿಸುತ್ತಲೇ ಕೇಳಿದ: "ಚದುರಂಗದ ಪುಸ್ತಕ ಓದಿದ್ದೀರಲ್ಲ ಸಾರ್, ಅದರಲ್ಲಿ ಏನು ಹೇಳಿದೆ?"

ಕತ್ತರಿ ಕಿವಿಯ ಹತ್ತಿರವಿರುವಾಗ ಏನಾದರೂ ಹೇಳಲೇಬೇಕು. ಗುಮಾಸ್ತರಿಗೆ ಪುಸ್ತಕ ಗೊತ್ತಿರಲಿಲ್ಲ. ಅದನ್ನು ಒಯ್ದವರು ಗೊತ್ತಿದ್ದರು. "ಒಬ್ಬರು ಇದ್ದರು," ಎಂದರು. "ಜೊತೆಗೆ ಆಡೋಕೆ ಯಾರೂ ಇರಲಿಲ್ಲ. ಎರಡೂ ಕಡೆ ಅವರೇ ಆಡೋರು. ಬಿಳಿ ಕಡೆ ಕೂತಾಗ ಟೋಪಿ ಹಾಕ್ಕೊಳ್ಳೋರು, ಕಪ್ಪು ಕಡೆ ಹೋದಾಗ ತೆಗೆಯೋರು. ಮೋಸ ಆಗಬಾರದು ಅಂತ."

"ಪುಸ್ತಕದಲ್ಲಿ ಹೀಗಿದೆಯಾ?"

"ಹ್ಞೂಂ."

"ಯಾರು ಗೆದ್ರು ಸಾರ್?"

"ಹೆಚ್ಚಾಗಿ ಟೋಪಿ ಇಲ್ಲದವರು."

ಕ್ಷೌರದವನು ಕತ್ತರಿ ನಿಲ್ಲಿಸಿ ಸ್ವಲ್ಪ ಹೊತ್ತು ಕನ್ನಡಿ ನೋಡಿದ. "ಒಳ್ಳೇ ಪುಸ್ತಕ ಸಾರ್," ಎಂದ.

ಅಂದಿನಿಂದ ಗುಮಾಸ್ತರ ಜಗಲಿಯಲ್ಲಿ ಸಂಜೆ ಜನ ಸೇರತೊಡಗಿದರು. ಪಟ್ಟಿಯಿಂದ ಒಂದು ಹೆಸರು ಹೇಳುವುದು, ಕತೆ ಕೇಳುವುದು. ಗಿಳಿ ಸಾಕುವ ಪುಸ್ತಕವೆಂದರೆ, ಗಿಳಿಯೇ ಇಲ್ಲದೆ ಬರೀ ಪಂಜರ ತೊಳೆದಿಡುತ್ತಿದ್ದ ಒಬ್ಬ ದರ್ಜಿ. ಕಾಗದ ಬರೆಯುವ ಕ್ರಮದ ಪುಸ್ತಕವೆಂದರೆ, ಯಾರಿಗೆ ಬರೆಯಬೇಕೆಂದೇ ತೀರ್ಮಾನಿಸಲಾರದೆ ವರ್ಷಗಟ್ಟಲೆ ಅವಧಿ ಮುಂದುವರಿಸಿಕೊಂಡ ಒಬ್ಬ ನರ್ಸಮ್ಮ. ಗುಮಾಸ್ತರು ಹೆಸರು ಹೇಳುತ್ತಿರಲಿಲ್ಲ, ಕೇಳುವವರು ಕೇಳುತ್ತಲೂ ಇರಲಿಲ್ಲ. ಒಬ್ಬೊಬ್ಬರು ನಡುವೆ ತಲೆ ತಗ್ಗಿಸಿ, "ನಮ್ಮ ಮನೆಯಲ್ಲೂ ಹೀಗೇ ಒಬ್ಬರಿದ್ರು," ಎನ್ನುತ್ತಿದ್ದರು. ಗುಮಾಸ್ತರು ಬೇರೆ ಕಡೆ ನೋಡುತ್ತಿದ್ದರು.

ಇದನ್ನು ಸಹಿಸಲಾರದೆ ಭಾವ ಒಂದು ಸಂಜೆ ಪಟ್ಟಿಯ ನಕಲು ಹಿಡಿದು, ಕನ್ನಡಕ ಏರಿಸಿ, ಪರೀಕ್ಷೆಗೆ ಕೂತರು.

"ಈಜು ಕಲಿಯುವ ಪುಸ್ತಕ. ಏನಿದೆ ಅದರಲ್ಲಿ? ಹೇಳು."

"ಒಬ್ಬ ಅಜ್ಜಿ ಭಾವ. ಎಂಬತ್ತು ವರ್ಷ. ನೀರಿಗೆ ಇಳಿಯೋಕೆ ಮುಂಚೆ ಮಂಚದ ಮೇಲೆ ಬೋರಲು ಮಲಗಿ ಕೈಕಾಲು ಬಡಿದು ಅಭ್ಯಾಸ ಮಾಡ್ತಿದ್ರು. ಮನೆಯವರು ಡಾಕ್ಟರನ್ನ ಕರೆಸಿದ್ರು."

"ಆಮೇಲೆ?"

"ಆಮೇಲೆ ಮುಗೀತು."

"ನೀರಿಗೆ ಇಳಿಯಲೇ ಇಲ್ಲವಾ?"

"ಇಲ್ಲ."

"ಏನಯ್ಯಾ ಇದು, ಕೊನೆಯೇ ಸರಿಯಿಲ್ಲ!"

"ನಾನು ಕಂಡಿದ್ದೆಲ್ಲ ಹಾಗೇ ಭಾವ. ನಡುವೆಯೇ ನಿಲ್ಲುತ್ತೆ."

ಭಾವ ಮೂಗಿನಲ್ಲೇ ಹ್ಞೂಂ ಎಂದು ಪಟ್ಟಿಯ ತಲೆಗೆ ಬೆರಳಿಟ್ಟರು. "ಮೊದಲನೆಯದು. ನಕ್ಷತ್ರಗಳನ್ನು ಗುರುತಿಸುವುದು ಹೇಗೆ. ಹೇಳು."

ಗುಮಾಸ್ತರು ಒಳಬಾಗಿಲ ಕಡೆ ನೋಡಿದರು. ಒಳಗಿನಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತರು.

"ಅದನ್ನ ನಾನು ಓದಿಲ್ಲ ಭಾವ."

"ಹಿಡಿದೆ!" ಎಂದು ಭಾವ ತೊಡೆ ತಟ್ಟಿಕೊಂಡರು. "ಒಂದು ಓದಿಲ್ಲ ಅಂದರೆ ಉಳಿದದ್ದರ ಗತಿಯೇನು?"

ಭಾವ ಬೆಳಗಾದ ಕೂಡಲೆ ಗ್ರಂಥಾಲಯಕ್ಕೆ ಹೋಗಿ ಎಂಜಿನಿಯರಮ್ಮನ ಮುಂದೆ ಕೂತು ತಮ್ಮ ಸಂಶಯ ಹೇಳಿದರು. ಆಕೆ ಗುಮಾಸ್ತರ ಪುಟ ತೆರೆದರು. ಒಯ್ದ ದಿನದ ಕಾಲಂ ಪೂರ್ತಿ ತುಂಬಿತ್ತು. ಹಿಂದಿರುಗಿಸಿದ ದಿನದ ಕಾಲಂ ಮೇಲಿಂದ ಕೆಳಗಿನವರೆಗೆ ಖಾಲಿ. ಮುನ್ನೂರ ಹನ್ನೆರಡರಲ್ಲಿ ಒಂದೂ ವಾಪಸ್ ಬಂದಿರಲಿಲ್ಲ.

ಮಹಾ ಓದುಗ ಮಧ್ಯಾಹ್ನದ ಹೊತ್ತಿಗೆ ಮಹಾ ಕಳ್ಳನಾದ. ಮುಖ್ಯಸ್ಥರು ಪಟ್ಟಿಯನ್ನು ಹರಿದರು. ತಬ್ಬಿಕೊಂಡಾಗ ಹಾಕಿದ್ದ ಕೋಟನ್ನು ಒಗೆಯಲು ಕೊಟ್ಟರೆಂದೂ ಸುದ್ದಿ. ಮುಖ್ಯ ಕಚೇರಿಯಿಂದ ತಪಾಸಣಾಧಿಕಾರಿ ಬಂದಿಳಿದರು. ತೆಳ್ಳಗಿನ, ಮೃದು ಮಾತಿನ, ಯಾವುದಕ್ಕೂ ಆಶ್ಚರ್ಯಪಡದ ಮನುಷ್ಯ. ಮೊದಲು ಮನೆ ನೋಡೋಣವೆಂದರು.

ಇಡೀ ಬೀದಿ ಹಿಂದೆ ಬಂತು. ಎದುರುಮನೆಯಾತ ನಾಲ್ಕು ತಿರುಪನ್ನು ಸಾಕ್ಷ್ಯವೆಂದು ಹಿಡಿದುಕೊಂಡಿದ್ದ. ಯಾರ ಪರ ಎಂದು ಅವನಿಗೇ ಖಚಿತವಿರಲಿಲ್ಲ.

"ಹುಡುಕಿ ಸಾರ್, ಮೂಲೆಮೂಲೆ ಹುಡುಕಿ," ಎಂದರು ಗುಮಾಸ್ತರ ಹೆಂಡತಿ, ಸೆರಗು ಸಿಕ್ಕಿಸಿಕೊಂಡು. "ಮುನ್ನೂರು ಪುಸ್ತಕ ಎಲ್ಲಿಡ್ತಾರೆ ಈ ಮನೇಲಿ? ಮದುವೆಯಾದಾಗಿನಿಂದ ಒಂದು ಬೀರು ಕೇಳ್ತಾ ಇದ್ದೀನಿ. ಬೀರು ಇಲ್ಲ ಅಂತ ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು: "ಬೀರು ಇಲ್ಲ."

ಪುಸ್ತಕ ಒಂದೂ ಸಿಗಲಿಲ್ಲ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಕಾಗದದ ಕಟ್ಟುಗಳು ಸಿಕ್ಕವು. ಅಜ್ಜ ಪ್ರತಿ ಸೋಮವಾರ ಅಚ್ಚು ಹಾಕಿದ ಬಾಕಿ ಕಾಗದಗಳು. ಎಲ್ಲವೂ ಗುಮಾಸ್ತರ ಹೆಸರಿಗೆ. ಎಲ್ಲದರ ಕೆಳಗೂ ಗುಮಾಸ್ತರದೇ ಸಹಿ.

"ನಿಮಗೆ ನೀವೇ ನೋಟಿಸ್ ಕೊಟ್ಟಿದ್ದೀರಿ?"

"ಕೊಡಬೇಕಲ್ಲ ಸಾರ್, ನಿಯಮ."

"ಉತ್ತರ?"

"ಪ್ರತಿ ವಾರ ಕೊಟ್ಟಿದ್ದೀನಿ ಸಾರ್, ಹಿಂದುಗಡೆ ನೋಡಿ. 'ಪರಿಶೀಲಿಸಲಾಗುವುದು' ಅಂತ ಬರೆದಿದ್ದೀನಿ."

ಅಧಿಕಾರಿ ತಿರುವಿ ನೋಡಿದರು. ಹಾಗೇ ಇತ್ತು. ಅವರು ಜೀವನದಲ್ಲಿ ಎಷ್ಟೋ ಕಚೇರಿ ನೋಡಿದ್ದರು; ನೋಟಿಸಿಗೆ ಇಷ್ಟು ನಿಯತ್ತಾಗಿ ಉತ್ತರಿಸಿದ ಬಾಕಿದಾರನನ್ನು ನೋಡಿರಲಿಲ್ಲ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಒಳಕೋಣೆಯಲ್ಲೇ ಇಟ್ಟುಕೊಂಡರು, ಐದಕ್ಕೆ ಅಜ್ಜನನ್ನು ಆರಿಸಬೇಕಿತ್ತು. ಅಧಿಕಾರಿ, ಮುಖ್ಯಸ್ಥರು, ಎಂಜಿನಿಯರಮ್ಮ. ಗುಮಾಸ್ತರ ಹೆಂಡತಿ ಗೋಡೆಯ ಪಕ್ಕ ಕೂತಿದ್ದರು. ಮನೆತನದ ಮಾನದ ಪ್ರಶ್ನೆಯೆಂದು ಭಾವ ಕರೆಯದೆಯೂ ಬಂದಿದ್ದರು. ಸನ್ಮಾನದ ಫಲಕ ಸುರುಳಿ ಸುತ್ತಿ ಮೂಲೆಯಲ್ಲಿ ನಿಂತಿತ್ತು.

"ವಿಷಯ ಸರಳ," ಎಂದರು ಅಧಿಕಾರಿ. "ಐದಕ್ಕೆ ಮುಂಚೆ ಹೊಸ ವ್ಯವಸ್ಥೆಯಲ್ಲಿ ನಿಮ್ಮ ಪುಟದ ಲೆಕ್ಕ ಮುಗಿಯಬೇಕು. ಪುಸ್ತಕ ಬೇರೆ ಯಾರ ಹತ್ತಿರವಾದರೂ ಇದ್ದರೆ ಹೆಸರು ಹೇಳಿ. ವ್ಯವಸ್ಥೆ ತಾನಾಗೇ ಆ ಮನೆಗಳಿಗೆ ನೋಟಿಸ್ ಕಳಿಸುತ್ತೆ. ನಿಮಗೆ ಯಾವ ತೊಂದರೆಯೂ ಇಲ್ಲ."

"ಎಷ್ಟು ಹೊತ್ತಲ್ಲಿ ಕಳಿಸುತ್ತೆ ಸಾರ್?"

"ಐದು ನಿಮಿಷ. ಎಲ್ಲರ ಫೋನಿಗೂ."

ಗುಮಾಸ್ತರು ಅಜ್ಜನ ಕಡೆ ನೋಡಿದರು. "ಯಾರ ಹತ್ರಾನೂ ಇಲ್ಲ ಸಾರ್. ನಾನೇ ಕಳೆದೆ ಅಂತ ಬರ್ಕೊಳ್ಳಿ."

"ಮುನ್ನೂರ ಹನ್ನೆರಡನ್ನೂ?"

"ಮರೆವು ಸಾರ್."

"ಬರೆದರೆ ಇವತ್ತು ನಿಮ್ಮ ಸೇವಾ ಪುಸ್ತಕದ ಕೊನೇ ಸಾಲು ಅದೇ ಆಗುತ್ತೆ. ಗೊತ್ತಲ್ಲ?"

"ಗೊತ್ತು ಸಾರ್."

"ನೋಡಿದ್ರಾ!" ಎಂದರು ಭಾವ. "ನನ್ನ ತಂಗಿಯನ್ನ ಇಂಥವನಿಗೆ ಕೊಟ್ಟು..."

"ಅಣ್ಣಾ, ಸುಮ್ನಿರು," ಎಂದರು ಹೆಂಡತಿ.

ಎಂಜಿನಿಯರಮ್ಮ ಕೆಮ್ಮಿದರು. "ಸಾರ್, ಅಜ್ಜನಲ್ಲಿ ಒಂದು ಕಾಲಂ ಉಳಿದುಬಿಟ್ಟಿದೆ. ಷರಾ ಅಂತ, ಟಿಪ್ಪಣಿ ಬರೆಯೋದು. ಮೊದಲ ಸಾವಿರ ಸದಸ್ಯರದು ಖಾಲಿ ಇತ್ತು. ಎಲ್ಲಾ ಖಾಲಿ ಅಂದ್ಕೊಂಡು ನಾನು ವರ್ಗಾಯಿಸದೇ ಬಿಟ್ಟೆ. ಇವರ ಪುಟದಲ್ಲಿ ಮಾತ್ರ ತುಂಬಿದೆ."

"ಅದು ಬೇಡಮ್ಮಾ," ಎಂದರು ಗುಮಾಸ್ತರು. ಅವರ ದನಿ ಏರಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಅದು ಕಚೇರಿ ವಿಷಯ ಅಲ್ಲ. ನಲವತ್ತೇ ಅಕ್ಷರ ಹಿಡಿಯೋ ಜಾಗ, ಹಾಗೇ, ನನ್ನ ನೆನಪಿಗೆ..."

"ಓದಮ್ಮಾ, ಎಲ್ಲಾ ಹೊರಗೆ ಬರಲಿ!" ಎಂದರು ಭಾವ.

ಅಧಿಕಾರಿ ತಲೆಯಾಡಿಸಿದರು. ಎಂಜಿನಿಯರಮ್ಮ ಹಸಿರು ಅಕ್ಷರಗಳನ್ನು ನೋಡಿಕೊಂಡು ಕೆಳಗಿನಿಂದ ಮೇಲಕ್ಕೆ ಓದತೊಡಗಿದರು.

"ದರ್ಜಿ. ಪುಸ್ತಕ ಪಂಜರದ ಮೇಲಿತ್ತು. ಕೇಳಲಿಲ್ಲ."

"ನರ್ಸಮ್ಮ. ಒಳಗೆ ಅರ್ಧ ಬರೆದ ಕಾಗದ. ನೋಡಲಿಲ್ಲ."

"ಟೋಪಿಯವರು. ಆಟ ಹಾಗೇ ಹರಡಿತ್ತು. ಕಪ್ಪಿನ ಸರದಿ."

"ಅಜ್ಜಿ, ಈಜು. ಪುಟ ಹದಿನೆಂಟಕ್ಕೆ ಗುರುತು."

ಭಾವ ಕನ್ನಡಕ ತೆಗೆದರು. "ಇವರೆಲ್ಲಾ..." ಎಂದು ಗುಮಾಸ್ತರ ಕಡೆ ತಿರುಗಿದರು. "ನೀನು ಕತೆ ಹೇಳ್ತಿದ್ದೀಯ ಅಂದ್ಕೊಂಡಿದ್ದೆ ನಾನು."

ಎಂಜಿನಿಯರಮ್ಮ ಓದುತ್ತಲೇ ಹೋದರು. ಎಷ್ಟು ಹೊತ್ತು ಓದಿದರೋ. ಮುಖ್ಯಸ್ಥರು ನಿಂತಿದ್ದವರು ಕೂತರು. ಕೊನೆಗೆ ಪಟ್ಟಿಯ ತಲೆಯ ಸಾಲು ಬಂತು. ಆಕೆ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಗೋಡೆಯ ಪಕ್ಕ ಕೂತಿದ್ದವರನ್ನು ನೋಡಿ, ಆಮೇಲೆ ಗಟ್ಟಿಯಾಗಿ ಓದಿದರು.

"ಮಾವ. ನಕ್ಷತ್ರ. ಕಾಗದ ಕಳಿಸಿದೆ. ತಪ್ಪಾಯಿತು."

ಅಜ್ಜ ಗುಂಯ್ ಎನ್ನುತ್ತಲೇ ಇದ್ದ.

"ಅದು ನಮ್ಮ ಮನೇಲಿದೆ," ಎಂದರು ಭಾವ. ದನಿ ಹೆಡ್‌ಮಾಸ್ಟರದ್ದಾಗಿರಲಿಲ್ಲ. "ಗಾಜಿನ ಬೀರುವಿನಲ್ಲಿಟ್ಟಿದ್ದೀನಿ. ಅಪ್ಪಂದೇ ಪುಸ್ತಕ ಅಂದ್ಕೊಂಡು. ತೆಗೆದು ನೋಡಿದ್ದರೆ ಮುದ್ರೆ ಕಾಣ್ತಿತ್ತು. ತೆಗೆಯೋಕೆ ಕೈ ಬರಲಿಲ್ಲ."

ಹೆಂಡತಿ ಗಂಡನನ್ನೇ ನೋಡುತ್ತಿದ್ದರು. "ಅಮ್ಮನ ಕನ್ನಡಕದ ಡಬ್ಬೀಲಿ ಒಂದು ಕಾಗದ ಇರ್ತಿತ್ತು," ಎಂದರು. "ದಿನಾ ತೆಗೆದು ಓದೋರು. ಏನಮ್ಮಾ ಅದು ಅಂದ್ರೆ, ನಿಮ್ಮಪ್ಪನಿಗೆ ಬಂದಿರೋದು ಅನ್ನೋರು. ನಿಮ್ಮ ಸಹಿ ಇತ್ತು ಅಂತ ಹೇಳಲೇ ಇಲ್ಲ."

"ಬೈತಾರೆ ಅಂದ್ಕೊಂಡಿದ್ದೆ," ಎಂದರು ಗುಮಾಸ್ತರು.

ಗಂಟೆ ನಾಲ್ಕೂವರೆಯಾಗಿತ್ತು. ಅಧಿಕಾರಿ ಕಡತ ಮುಚ್ಚಿ, ಮತ್ತೆ ತೆರೆದು, ಪೆನ್ನಿನ ಮುಚ್ಚಳ ಹಾಕಿ, ತೆಗೆದರು. ನಿಯಮ ಬಿಟ್ಟು ನಡೆಯುವವರಲ್ಲ ಅವರು. ನಿಯಮ ಎಲ್ಲಿ ಸಡಿಲವಾಗಿದೆಯೆಂದು ತಡಕುತ್ತಿದ್ದರು.

"ಹೊಸ ವ್ಯವಸ್ಥೆಯಲ್ಲಿ ಎಷ್ಟು ಆಯ್ಕೆ ಇದೆಯಮ್ಮಾ?"

"ಬಾಕಿ ಪುಸ್ತಕಕ್ಕೆ ಎರಡೇ ಸಾರ್. ಹಿಂದಿರುಗಿದೆ, ಇಲ್ಲಾ ಕಳೆದುಹೋಗಿದೆ."

"ಹಿಂದಿರುಗಿಲ್ಲ. ಅದು ಸ್ಪಷ್ಟ." ಅಧಿಕಾರಿ ಪರದೆ ನೋಡಿದರು. "ಕಳೆದುಹೋಗಿದೆ ಅಂತಲೂ ಹೇಳೋಕಾಗಲ್ಲ. ಎಲ್ಲಿದೆ, ಯಾವ ಪುಟದಲ್ಲಿದೆ ಅಂತ ಕೂಡ ಇವರು ಬರೆದಿಟ್ಟಿದ್ದಾರೆ. ತಪ್ಪು ಮಾಹಿತಿ ನಮೂದಿಸೋಕೆ ನಾನು ಬಿಡಲ್ಲ. ಮೂರನೆಯದು ಸೇರಿಸಬಹುದಾ?"

"ಸೇರಿಸಬಹುದು ಸಾರ್. ಏನಂತ?"

ಅಧಿಕಾರಿ ಗುಮಾಸ್ತರ ಕಡೆ ತಿರುಗಿದರು.

"ಓದುತ್ತಿದ್ದಾರೆ ಅಂತ ಹಾಕಬಹುದಾ ಸಾರ್?"

ಎಂಜಿನಿಯರಮ್ಮ ಟೈಪ್ ಮಾಡಿದರು. ಪರದೆ ಕೆಂಪಾಯಿತು. "ವಾಪಸ್ ಬರೋ ತಾರೀಕು ಕೇಳ್ತಾ ಇದೆ ಸಾರ್. ಇಲ್ಲದಿದ್ದರೆ ಒಪ್ಪಲ್ಲ. ಆ ತಾರೀಕಿನವರೆಗೆ ಯಾರಿಗೂ ನೋಟಿಸ್ ಹೋಗಲ್ಲ."

"ಅದು ಒಪ್ಪೋ ಅತಿ ದೂರದ ತಾರೀಕು ಯಾವುದು?"

"ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಡಿಸೆಂಬರ್ ಮೂವತ್ತೊಂದು."

"ಹಾಕಿ. ಷರಾನೂ ಸೇರಿಸಿ, ಹಾಗೇ ಹೋಗಲಿ." ಅಧಿಕಾರಿ ಕಡತದಲ್ಲಿ ಆ ತಾರೀಕು ಬರೆದು, ಸಹಿ ಮಾಡುವ ಮುನ್ನ, ಕೇಳಲೇಬೇಕಾದ ಪ್ರಶ್ನೆಯೆಂಬಂತೆ ತಲೆಯೆತ್ತಿದರು. "ಅಷ್ಟರೊಳಗೆ ಎಲ್ಲಾ ವಾಪಸ್ ಬರುತ್ತಾ ಗುಮಾಸ್ತರೇ?"

ಗುಮಾಸ್ತರು 'ಬರುತ್ತೆ' ಎಂದು ಸುಳ್ಳು ಭರವಸೆ ಕೊಡಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಮತ್ತೊಮ್ಮೆ ನೋಡಿದರು.

"ಹೇಳೋಕಾಗಲ್ಲ ಸಾರ್," ಎಂದರು. "ಕೆಲವರು ಓದೋದು ಬಹಳ ನಿಧಾನ."